ಒಂದೇ ಅಕ್ಷರ ಹಿಡಿದು ಪಾಶ್ಚಾತ್ಯ ಹಾಡು ಹುಡುಕುವುದು: ಗೊತ್ತಿರುವವರು ದಾರಿ ಹೇಳಿ

ಪ್ರಶ್ನೆ:
ಇಂಗ್ಲಿಷ್ ಹಾಡು ಅಂದರೆ ನನಗೆ ಎಂಬತ್ತು–ತೊಂಬತ್ತರ ದಶಕದ ಪಾಪ್ ಅಷ್ಟೇ ಗೊತ್ತು. ಆ್ಯಪ್ ಕೂಡ ಅದನ್ನೇ ತಿರುಗಾಮುರುಗಾ ಕೇಳಿಸುತ್ತೆ. ಅದಕ್ಕೇ ವಾರಕ್ಕೊಂದು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು, ಆ ಅಕ್ಷರದಿಂದ ಹೆಸರು ಶುರುವಾಗುವ ಹಾಡುಗಳನ್ನು ಬೇರೆ ಬೇರೆ ಕಾಲ, ಬೇರೆ ಬೇರೆ ಪ್ರಕಾರದಿಂದ ಆರಿಸಿ ಕೇಳಬೇಕು ಅಂತಿದ್ದೇನೆ. ಮೊದಲ ಅಕ್ಷರ ಎಚ್. ಎಷ್ಟು ಹಾಡು ಸಾಕು, ಎಲ್ಲಿಂದ ಆರಿಸೋದು, ಎಲ್ಲಿ ಎಡವಟ್ಟಾಗುತ್ತೆ? ಅನುಭವ ಇರುವವರು ಹೇಳಿ.

ಉತ್ತರ 1:
ಒಳ್ಳೆಯ ಅಕ್ಷರವನ್ನೇ ಹಿಡಿದಿದ್ದೀರಿ. ಅಕ್ಷರಕ್ಕೆ ನಿಮ್ಮ ರುಚಿ ಗೊತ್ತಿಲ್ಲ, ಅದೇ ಅದರ ಲಾಭ. ಆದರೆ ಬರೀ ಅಕ್ಷರ ನಂಬಿ ಹುಡುಕಿದರೆ ಮೇಲೆ ತೇಲಿ ಬರುವುದು ಮತ್ತೆ ಹೆಸರಾಂತ ಹಾಡುಗಳೇ. ಹಾಗಾಗಿ ಹುಡುಕುವ ಮೊದಲು ಒಂದು ಹಾಳೆಯಲ್ಲಿ ಹತ್ತು ಸಾಲು ಗೀಚಿ: 1900ಕ್ಕಿಂತ ಹಿಂದಿನದಕ್ಕೆ ಒಂದು, 1920–30ರ ದಶಕಗಳಿಗೆ ಎರಡು, ಐವತ್ತರ ದಶಕದಿಂದ ಇತ್ತೀಚಿನವರೆಗೆ ದಶಕಕ್ಕೊಂದು. ನಿಯಮ ಎರಡೇ. ಒಬ್ಬ ಗಾಯಕ ಎರಡು ಸಲ ಬರಬಾರದು, ಒಂದು ಪ್ರಕಾರ ಎರಡಕ್ಕಿಂತ ಹೆಚ್ಚು ಸಲ ಬರಬಾರದು. ಹತ್ತು ಹಾಡು ಅಂದರೆ ಹೆಚ್ಚುಕಡಿಮೆ ನಲವತ್ತು ನಿಮಿಷ, ವಾರದಲ್ಲಿ ಮೂರು ಸಲ ಆರಾಮಾಗಿ ಕೇಳಬಹುದು. ಐವತ್ತು ಹಾಡು ತುಂಬಿಸಿದರೆ ಒಂದೂ ಮನಸ್ಸಲ್ಲಿ ಉಳಿಯುವುದಿಲ್ಲ.

ಎಚ್‌ಗೆ ಸಾಲು ತುಂಬಿಸಿ ತೋರಿಸುತ್ತೇನೆ. ಹಳೆಯದಕ್ಕೆ ಆಸ್ಟ್ರಿಯಾದ ಶೂಬರ್ಟ್ 1815ರಲ್ಲಿ ಜರ್ಮನ್ ಕವಿ ಗಯಟೆಯ ಕವಿತೆಗೆ ರಾಗ ಹಾಕಿದ 'ಹೈಡನ್‌ರೋಸ್ಲೈನ್'. ಒಂದು ಪಿಯಾನೋ, ಒಂದು ಕಂಠ, ಸುಮಾರು ಎರಡು ನಿಮಿಷ. ಅಮೆರಿಕದ್ದೇ ಬೇಕೆಂದರೆ ಸ್ಟೀಫನ್ ಫಾಸ್ಟರ್‌ನ 'ಹಾರ್ಡ್ ಟೈಮ್ಸ್ ಕಮ್ ಅಗೇನ್ ನೋ ಮೋರ್' (1854). ಜಾಝ್‌ಗೆ ಫ್ಯಾಟ್ಸ್ ವಾಲರ್‌ನ 'ಹನಿಸಕಲ್ ರೋಸ್' (1929). ಬ್ಲೂಸ್‌ಗೆ ರಾಬರ್ಟ್ ಜಾನ್ಸನ್ 1937ರಲ್ಲಿ ಡಲ್ಲಾಸ್‌ನಲ್ಲಿ ಮುದ್ರಿಸಿದ 'ಹೆಲ್‌ಹೌಂಡ್ ಆನ್ ಮೈ ಟ್ರೇಲ್'. ಅದರಲ್ಲಿ ಸರಸರ ಸದ್ದು ಜಾಸ್ತಿ, ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಹೆಡ್‌ಫೋನ್ ಹಾಕಿ, ದನಿ ಕಡಿಮೆ ಇಟ್ಟು ಕೇಳಿ. ಕಂಟ್ರಿಗೆ ಹ್ಯಾಂಕ್ ವಿಲಿಯಮ್ಸ್‌ನ 'ಹೇ, ಗುಡ್ ಲುಕಿನ್' (1951). ಸೋಲ್‌ಗೆ ಸ್ಯಾಮ್ ಅಂಡ್ ಡೇವ್ ಜೋಡಿಯ 'ಹೋಲ್ಡ್ ಆನ್, ಐಯಾಮ್ ಕಮಿನ್' (1966). ಜಮೈಕಾದ ರೆಗೆ ಸಂಗೀತಕ್ಕೆ ಜಿಮ್ಮಿ ಕ್ಲಿಫ್‌ನ 'ದಿ ಹಾರ್ಡರ್ ದೇ ಕಮ್' (1972). ಮೆಟಲ್‌ಗೆ ಐರನ್ ಮೇಡನ್‌ನ 'ಹ್ಯಾಲೋಡ್ ಬಿ ದೈ ನೇಮ್' (1982). ಏಳು ನಿಮಿಷದ ಹಾಡು, ಗಂಟೆಯ ಸದ್ದಿನಿಂದ ಶುರುವಾಗುತ್ತೆ, ಆರಂಭ ನಿಧಾನ ಅಂತ ಬಿಟ್ಟುಬಿಡಬೇಡಿ. ತೊಂಬತ್ತರ ದಶಕಕ್ಕೆ ಬ್ಯೋರ್ಕ್‌ಳ 'ಹೈಪರ್‌ಬ್ಯಾಲಡ್' (1995).

2003ಕ್ಕೆ ಔಟ್‌ಕಾಸ್ಟ್‌ನ 'ಹೇ ಯಾ!' ಇರಲೇಬೇಕು. ಕುಣಿಸುವ ಹಾಡು ಅಂತ ಎಲ್ಲರಿಗೂ ಗೊತ್ತು, ಎಣಿಕೆ ಎಡವುವುದು ಕೆಲವರ ಕಿವಿಗೆ ಮಾತ್ರ ಬೀಳುತ್ತೆ. ಕೈಯಲ್ಲಿ ತಾಳ ಹಾಕಿ ನೋಡಿ: 4, 4, 4, ಆಮೇಲೆ 2, ಮತ್ತೆ 4, 4. ಒಟ್ಟು 22ಕ್ಕೆ ಒಂದು ಸುತ್ತು. ಆ ಎರಡರ ಜಾಗದಲ್ಲೇ ಹಾಡು ಮುಂದಕ್ಕೆ ಜಿಗಿದ ಹಾಗೆ ಅನ್ನಿಸುತ್ತೆ.

ಉತ್ತರ 2:
ಮೇಲಿನವರು ಜಿಮ್ಮಿ ಕ್ಲಿಫ್‌ನ ಹಾಡನ್ನು ಎಚ್‌ಗೆ ಸೇರಿಸಿದ್ದು ಸರಿ, ಯಾಕೆ ಅನ್ನುವುದನ್ನು ನಾನು ಸೇರಿಸುತ್ತೇನೆ. ಶುರುವಿನ ದಿ, ಎ, ಆ್ಯನ್ ಲೆಕ್ಕಕ್ಕಿಲ್ಲ. ಗ್ರಂಥಾಲಯಗಳ ಪದ್ಧತಿಯೇ ಅದು, ಐಟ್ಯೂನ್ಸ್ ಕೂಡ ಹೀಗೇ ಜೋಡಿಸುತ್ತಿತ್ತು. ಆದರೆ ಎಲ್ಲ ಆ್ಯಪ್ ಹಾಗೆ ಮಾಡುವುದಿಲ್ಲ. ಹಾಗಾಗಿ ಎಚ್ ಹುಡುಕುವಾಗ ಟಿ ಗುಂಪಿನ 'ದಿ' ಸಾಲನ್ನೂ ಒಮ್ಮೆ ಕಣ್ಣಾಡಿಸಿ. ಬೇರೆ ಭಾಷೆಯ ಲಾ, ಎಲ್, ಡೆರ್‌ಗಳಿಗೂ ಇದೇ ಕಟ್ಟಳೆ, ಆ ಲೆಕ್ಕದಲ್ಲಿ 'ಲಾ ಬಾಂಬಾ' ಇರುವುದು ಬಿ ಅಡಿಯಲ್ಲಿ.

ಆವರಣ ಚಿಹ್ನೆಯೊಳಗಿನ ಮಾತು ಹೆಸರಿನ ಭಾಗವೇ. ರೋಲಿಂಗ್ ಸ್ಟೋನ್ಸ್‌ನ 1965ರ '(ಐ ಕಾಂಟ್ ಗೆಟ್ ನೋ) ಸ್ಯಾಟಿಸ್‌ಫ್ಯಾಕ್ಷನ್' ಐ ಅಡಿಯಲ್ಲಿ ಬರಬೇಕು. ಬೋವಿಯ 1977ರ 'ಹೀರೋಸ್' ಹಾಡಿಗೆ ಉದ್ಧರಣ ಚಿಹ್ನೆ ಹೆಸರಿನಲ್ಲೇ ಇದೆ, ಕೆಲವು ತಂತ್ರಾಂಶ ಅದನ್ನು ಎ ಗಿಂತ ಮುಂಚೆ ತಳ್ಳಿಬಿಡುತ್ತೆ. ಎಚ್‌ನಲ್ಲಿ ಕಾಣದಿದ್ದರೆ ಪಟ್ಟಿಯ ಶುರುವಿನಲ್ಲಿ ನೋಡಿ. ಅಂಕಿಯಿಂದ ಶುರುವಾಗುವ ಹೆಸರೂ ಅಲ್ಲೇ ಸಿಗುತ್ತೆ. ಅವನ್ನು ಉಚ್ಚರಿಸಿದಂತೆ ಸೇರಿಸುವುದು ಒಳ್ಳೆಯದು. ಪ್ರಿನ್ಸ್‌ನ '1999' ಎನ್‌ಗೆ. ನೇನಾಳ ಜರ್ಮನ್ ಹಾಡು '99 ಲುಫ್ಟ್‌ಬಲೋನ್ಸ್' ಕೂಡ ಎನ್‌ಗೇ, ಜರ್ಮನ್‌ನಲ್ಲೂ ತೊಂಬತ್ತೊಂಬತ್ತು ಎನ್‌ನಿಂದಲೇ ಶುರು.

ನಿಜವಾದ ಸ್ವಾರಸ್ಯ ಇರುವುದು ಕಾಲಕಾಲಕ್ಕೆ ಹೆಸರು ಬದಲಿಸಿಕೊಂಡ ಹಾಡುಗಳಲ್ಲಿ. ದಿ ಆ್ಯನಿಮಲ್ಸ್ 1964ರಲ್ಲಿ ಹಾಡಿದ 'ದಿ ಹೌಸ್ ಆಫ್ ದಿ ರೈಸಿಂಗ್ ಸನ್' ಎಚ್. ಅದೇ ಜನಪದ ಹಾಡನ್ನು ಕ್ಲಾರೆನ್ಸ್ ಆ್ಯಶ್ಲಿ 1933ರಲ್ಲಿ ಮುದ್ರಿಸಿದಾಗ ಹೆಸರು 'ರೈಸಿಂಗ್ ಸನ್ ಬ್ಲೂಸ್', ಅಂದರೆ ಆರ್. ಮಡ್ಡಿ ವಾಟರ್ಸ್‌ನ 1954ರ 'ಹೂಚಿ ಕೂಚಿ ಮ್ಯಾನ್' ಒಂದೊಂದು ಕಡೆ 'ಐಯಾಮ್ ಯುವರ್' ಅಂತ ಶುರುವಾಗುತ್ತೆ. ಬ್ರೆಜಿಲ್‌ನ ಜೊಬಿಮ್‌ನ 'ಇನ್ಸೆನ್ಸಾತೆಸ್' ಇಂಗ್ಲಿಷಿಗೆ ಬಂದು 'ಹೌ ಇನ್‌ಸೆನ್ಸಿಟಿವ್' ಆಯಿತು. ಫ್ರೆಂಚಿನ 'ಕೋಮ್ ದಾಬಿತ್ಯೂಡ್' (1967) ಎರಡೇ ವರ್ಷದಲ್ಲಿ ಸಿನಾತ್ರನ 'ಮೈ ವೇ' ಆಗಿ ಸಿ ಬಿಟ್ಟು ಎಂ ಸೇರಿತು. ಇಂಥ ಹಾಡನ್ನು ಎರಡೂ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಒಂದು ಹೆಸರಿನಡಿ ಮಾತ್ರ ಹುಡುಕಿದರೆ ಅರ್ಧ ಚರಿತ್ರೆ ಕೈತಪ್ಪುತ್ತೆ.

ಉತ್ತರ 3:
ವರ್ಷದ ಬಗ್ಗೆ ಎಚ್ಚರ. ಸ್ಪಾಟಿಫೈನ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಇಯರ್' ಬರೆದು, ಕೋಲನ್ ಹಾಕಿ, ಮಧ್ಯೆ ಜಾಗ ಬಿಡದೆ 1960-1969 ಅಂತ ಕೊಟ್ಟರೆ ಆ ದಶಕಕ್ಕೆ ಸೋಸಿ ಕೊಡುತ್ತೆ. ಆದರೆ ಅದು ನೋಡುವುದು ಆಲ್ಬಮ್‌ನ ವರ್ಷ. 1953ರ ಹಾಡು 2009ರ ಸಂಕಲನದಲ್ಲಿದ್ದರೆ 2009 ಅಂತಲೇ ತೋರಿಸುತ್ತೆ, ಐವತ್ತರ ದಶಕ ಕೇಳಿದರೆ ಸಿಗುವುದೇ ಇಲ್ಲ. ಪ್ರತಿ ಧ್ವನಿಮುದ್ರಣಕ್ಕೂ ಗುರುತಿಗೆ ಕೊಡುವ ಐಎಸ್‌ಆರ್‌ಸಿ ಸಂಕೇತದ ಆರು, ಏಳನೇ ಸ್ಥಾನದ ಅಂಕಿಗಳನ್ನೂ ನಂಬಬೇಡಿ: ಅವು ಸಂಕೇತ ಕೊಟ್ಟ ವರ್ಷ, ಹಾಡು ಮುದ್ರಿಸಿದ ವರ್ಷವಲ್ಲ.

ನಂಬಬಹುದಾದ ದಾರಿ ಇದು. ಇಂಗ್ಲಿಷ್ ವಿಕಿಪೀಡಿಯದಲ್ಲಿ '1953 ಸಾಂಗ್ಸ್', '1953 ಸಿಂಗಲ್ಸ್' ಥರದ ವರ್ಗ ಪುಟಗಳಿವೆ, ಒಳಗೆ ಅಕ್ಷರಾನುಕ್ರಮ. ಪುಟಕ್ಕೆ 200 ಹೆಸರು, ಎಚ್ ಕಾಣದಿದ್ದರೆ ಮುಂದಿನ ಪುಟಕ್ಕೆ ಹೋಗಿ. ದಶಕಕ್ಕೆ ಎರಡು ವರ್ಷ ಹೀಗೆ ನೋಡಿದರೆ ಬೇಕಾದಷ್ಟು ಸಿಗುತ್ತೆ. ಸಿಕ್ಕ ಹೆಸರನ್ನು ಸೆಕೆಂಡ್‌ಹ್ಯಾಂಡ್‌ಸಾಂಗ್ಸ್ ತಾಣದಲ್ಲಿ ಹಾಕಿ, ಮೂಲ ಯಾರದ್ದು, ಮರುಗಾಯನ ಯಾರದ್ದು ಅಂತ ಗೊತ್ತಾಗುತ್ತೆ. ಹಾಡಿನ ಚಾರ್ಟ್ (ಜನಪ್ರಿಯತೆಯ ಪಟ್ಟಿ) ನೆಚ್ಚಿಕೊಳ್ಳುವವರು ನೆನಪಿಡಬೇಕಾದ್ದು: ಬ್ರಿಟನ್ನಿನ ಸಿಂಗಲ್ಸ್ ಪಟ್ಟಿ ಶುರುವಾದದ್ದು 1952ರಲ್ಲಿ, ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ 1958ರಲ್ಲಿ. ಅದಕ್ಕೂ ಹಿಂದಿನ ಮುದ್ರಣಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ನ್ಯಾಷನಲ್ ಜ್ಯೂಕ್‌ಬಾಕ್ಸ್ ಮತ್ತು ಇಂಟರ್‌ನೆಟ್ ಆರ್ಕೈವ್‌ನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆ) ಸಂಗ್ರಹ ನೋಡಿ.

ಮೂಲ ಗೊತ್ತಾದ ಮೇಲೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. 'ಹೌಂಡ್ ಡಾಗ್' ಎಲ್ವಿಸ್‌ನದ್ದು (1956) ಅಂತಲೇ ಹೆಚ್ಚಿನವರ ಭಾವನೆ. ಬಿಗ್ ಮಾಮಾ ಥಾರ್ನ್‌ಟನ್‌ಳ 1953ರ ಮೂಲದಲ್ಲಿ ಅದು ಕೂತು ತಿನ್ನುವ ಗಂಡಸನ್ನು ಹೆಂಗಸೊಬ್ಬಳು ಬೈದು ಅಟ್ಟುವ ಬ್ಲೂಸ್. 'ಹಲ್ಲೆಲೂಯಾ' ಇನ್ನೂ ಒಳ್ಳೆಯ ಸರಣಿ: ಲಿಯೊನಾರ್ಡ್ ಕೊಹೆನ್ 1984, ಜಾನ್ ಕೇಲ್ 1991, ಜೆಫ್ ಬಕ್ಲಿ 1994, ಇದೇ ಕ್ರಮದಲ್ಲಿ. ಅದೇ ಹೆಸರಿನ ಹ್ಯಾಂಡೆಲ್‌ನ ವೃಂದಗಾನ (1742) ಬೇರೆಯೇ ಕೃತಿ. ಹೆಸರು ಒಂದೇ ಆದರೆ ಹಾಡು ಒಂದೇ ಅಲ್ಲ: ಲಯೊನೆಲ್ ರಿಚಿ ಮತ್ತು ಅಡೆಲ್ ಇಬ್ಬರದ್ದೂ 'ಹಲೋ', ಒಂದಕ್ಕೊಂದು ಸಂಬಂಧವೇ ಇಲ್ಲ.

ಕೇಳಿದವರು:
ತುಂಬ ಉಪಕಾರ ಆಯಿತು. ಇನ್ನೊಂದು ಸಂದೇಹ. ಎಲ್ಲೋ ಕಿವಿಗೆ ಬಿದ್ದ ಹಾಡು ಯಾವ ಅಕ್ಷರದ್ದು ಅಂತ ತಿಳಿಯೋದು ಹೇಗೆ?

ಉತ್ತರ 4:
ನಾವು ಉಚ್ಚಾರ ಹಿಡಿದು ಬರೆಯುವ ಅಭ್ಯಾಸದವರು, ಇಲ್ಲಿ ಕಾಗುಣಿತವೇ ಮುಖ್ಯ. ಡಿಲನ್‌ನ 'ನಾಕಿನ್ ಆನ್ ಹೆವನ್ಸ್ ಡೋರ್' ಕೆ ಅಡಿಯಲ್ಲಿ. 'ಸೈಕೋ ಕಿಲ್ಲರ್' ಪಿ. 'ರೆಕಿಂಗ್ ಬಾಲ್' ಡಬ್ಲ್ಯೂ. ಬಿಲ್ಲಿ ಜೋಯೆಲ್‌ನ 'ಆನೆಸ್ಟಿ' ಮತ್ತು ಪಿಯಾಫ್‌ಳ 'ಇಮ್ನ್ ಆ ಲಾಮೂರ್' ಎರಡೂ ನಿಮ್ಮ ಎಚ್‌ನವೇ, ಕಿವಿಗೆ ಮಾತ್ರ ಎಚ್ ಬೀಳುವುದಿಲ್ಲ.

ಪಲ್ಲವಿಯೇ ಹೆಸರು ಅಂದುಕೊಳ್ಳಬೇಡಿ. ದಿ ಹೂ ತಂಡದ 'ಬಾಬಾ ಓ'ರೈಲಿ'ಯನ್ನು ಎಲ್ಲರೂ 'ಟೀನೇಜ್ ವೇಸ್ಟ್‌ಲ್ಯಾಂಡ್' ಅಂತ ಟಿ ಯಲ್ಲಿ ಹುಡುಕುತ್ತಾರೆ. 'ಬೊಹೆಮಿಯನ್ ರಾಪ್ಸಡಿ', 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಇವುಗಳ ಸಾಹಿತ್ಯದಲ್ಲಿ ಹೆಸರೇ ಬರುವುದಿಲ್ಲ. ಕೇಳಿಸಿದ ಐದಾರು ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಪಕ್ಕದಲ್ಲಿ 'ಲಿರಿಕ್ಸ್' ಅಂತ ಸೇರಿಸಿ ಹುಡುಕಿ.

ಉತ್ತರ 5:
ಎಸ್, ಐ, ಎಲ್‌ಗಳಿಗೆ ಹಾಡು ಬೇಕಾದಷ್ಟಿವೆ. ಕ್ಯೂ, ಎಕ್ಸ್, ಝಡ್ ಮೂರನ್ನೂ ಸೇರಿಸಿ ಒಂದೇ ವಾರಕ್ಕೆ ಇಡಿ, ಹತ್ತು ಸಾಲಿನ ಹಟ ಬಿಡಿ. ಕ್ಯೂಗೆ ಡೋರಿಸ್ ಡೇಯ 'ಕೇ ಸೆರಾ, ಸೆರಾ' (1956), ಮಾರ್ತಾ ಅಂಡ್ ದ ವಂಡೆಲಾಸ್‌ನ 'ಕ್ವಿಕ್‌ಸ್ಯಾಂಡ್' (1963). ಅದೇ ಹೆಸರಿನಲ್ಲಿ 1971ರ ಬೋವಿ ಹಾಡೂ ಇದೆ. ಝಡ್‌ಗೆ ಬೋವಿಯದೇ 'ಝಿಗ್ಗಿ ಸ್ಟಾರ್‌ಡಸ್ಟ್' (1972) ಮತ್ತು ಕ್ರ್ಯಾನ್‌ಬೆರೀಸ್‌ನ 'ಝಾಂಬಿ' (1994). ಎರಡನೆಯದು ಇಂಗ್ಲೆಂಡಿನ 1993ರ ವಾರಿಂಗ್ಟನ್ ಬಾಂಬ್ ಸ್ಫೋಟದ ನೋವಿನಿಂದ ಹುಟ್ಟಿದ್ದು, ಅದು ತಿಳಿದು ಕೇಳಿದರೆ ಗಿಟಾರ್‌ನ ಆ ಒರಟುತನ ಯಾಕೆ ಅಂತ ಅರ್ಥವಾಗುತ್ತೆ. ಎಕ್ಸ್‌ಗೆ 'ಝ್ಯಾನಡು' ಹೆಸರಿನ ಎರಡು ಹಾಡು: ರಶ್ ತಂಡದ್ದು 1977ರದು, ಹನ್ನೊಂದು ನಿಮಿಷದ ಪ್ರೋಗ್ರೆಸಿವ್ ರಾಕ್, ಒಲಿವಿಯಾ ನ್ಯೂಟನ್-ಜಾನ್ ಮತ್ತು ಇಎಲ್‌ಒ ತಂಡ ಕೂಡಿ ಹಾಡಿದ್ದು 1980ರದು, ಮೂರೂವರೆ ನಿಮಿಷದ ಪಾಪ್. ಚಿಕ್ಕದನ್ನು ಮೊದಲು ಕೇಳಿ.