‘ಸ್ಟ್ರೈಡ್’ಗೆ ಏನನ್ನೋಣ? ‘ಹೆಜ್ಜೆ’ ಒಂದೇ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯ ಫಿಸಿಯೋಥೆರಪಿಸ್ಟ್. ಬಿದ್ದು ಸೊಂಟ ಮುರಿದುಕೊಂಡು ಆಪರೇಷನ್ ಆದ ಹಿರಿಯರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಅವರ ಸೊಂಟದ ಹಿಂದೆ, ಬೆಲ್ಟಿನಲ್ಲಿ, ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್ ಕಟ್ಟಿ ಮನೆಗೆ ಕಳಿಸುತ್ತೇವೆ. ವಾರವಿಡೀ ಹೇಗೆ ನಡೆದರು ಅಂತ ಅದರಿಂದ ತಿಳಿಯುತ್ತದೆ. ಆ ರಿಪೋರ್ಟನ್ನು ಮನೆಯವರ ಕೈಗೆ ಕನ್ನಡದಲ್ಲಿ ಕೊಡೋಣ ಅಂತ ಕೂತವಳು ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಎಡಗಾಲಿನ ಹಿಮ್ಮಡಿ ಊರಿದ ಜಾಗದಿಂದ ಬಲಗಾಲಿನ ಹಿಮ್ಮಡಿ ಊರಿದ ಜಾಗದವರೆಗೆ ಒಂದು ‘ಸ್ಟೆಪ್’. ಅದೇ ಎಡಗಾಲು ಮತ್ತೆ ಊರುವವರೆಗೆ ಒಂದು ‘ಸ್ಟ್ರೈಡ್’. ಅಂದರೆ ಎರಡು ಸ್ಟೆಪ್ ಸೇರಿದರೆ ಒಂದು ಸ್ಟ್ರೈಡ್. ನಾವು ಎರಡಕ್ಕೂ ಹೆಜ್ಜೆ ಅಂತಲೇ ಅನ್ನುತ್ತೇವೆ, ಅಲ್ವಾ?

ಮೊನ್ನೆ ಬಲಗಡೆ ಆಪರೇಷನ್ ಆಗಿ ಆರು ವಾರವಾದ ಒಬ್ಬರು ಅಜ್ಜಿ ಬಂದಿದ್ದರು. ವಾಕರ್ ಹಿಡಿದು ನಡೆಯುತ್ತಿದ್ದರೆ, ಹಿಮ್ಮಡಿ ಬಿದ್ದಲ್ಲೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಾ ಹೋದೆ. ಬಲಗಾಲು ಮುಂದೆ ಬಂದಾಗ 40 ಸೆಂಟಿಮೀಟರ್. ಎಡಗಾಲು ಬಂದಾಗ ಬರೀ 28. ನೋವಿನ ಕಾಲ ಮೇಲೆ ಜಾಸ್ತಿ ಹೊತ್ತು ನಿಲ್ಲಲಾಗದೆ, ಚೆನ್ನಾಗಿರುವ ಕಾಲನ್ನು ಬೇಗ ಬೇಗ ಇಟ್ಟುಬಿಡುತ್ತಾರೆ. ರಿಪೋರ್ಟಿನಲ್ಲಿದ್ದದ್ದು 68. ನಾನು ‘ಹೆಜ್ಜೆಯ ಉದ್ದ 68’ ಅಂತ ಓದಿದೆ. ಅಜ್ಜಿ ನೆಲದ ಗೆರೆಗಳನ್ನೇ ನೋಡುತ್ತಿದ್ದರು. “ಅಷ್ಟುದ್ದ ಎಲ್ಲಿ ಇಟ್ಟೆ ಕಣವ್ವಾ? ನನ್ನ ಹೆಜ್ಜೆ ಯಾವ್ದು, ಇದಾ, ಅದಾ?” ಅಂದರು. ಅವರು ಕೇಳಿದ್ದು ಸರಿಯಾಗೇ ಇತ್ತು.

ತೊಂದರೆ ಇಲ್ಲಿಗೇ ನಿಲ್ಲುವುದಿಲ್ಲ. ಅದೇ ರಿಪೋರ್ಟಿನಲ್ಲಿ ನಿಮಿಷಕ್ಕೆ 60 ಹೆಜ್ಜೆ ಅಂತ ಇರುತ್ತದೆ. ಈ ಎಣಿಕೆ ಸ್ಟೆಪ್ಪಿನದು. ಉದ್ದ ಮಾತ್ರ ಸ್ಟ್ರೈಡಿನದು. ಲೆಕ್ಕ ಬಲ್ಲ ಮೊಮ್ಮಗ 60ನ್ನು 68ರಿಂದ ಗುಣಿಸಿದರೆ ಅಜ್ಜಿ ನಿಮಿಷಕ್ಕೆ ಸುಮಾರು 40 ಮೀಟರ್ ನಡೆದ ಹಾಗಾಯಿತು. ನಿಜವಾಗಿ ನಡೆದದ್ದು 20. ‘ಅಜ್ಜಿ ಚೆನ್ನಾಗಿ ನಡೀತಿದ್ದಾರೆ, ವ್ಯಾಯಾಮ ಸಾಕು’ ಅಂತ ಮನೆಯವರು ಬಿಟ್ಟುಬಿಟ್ಟರೆ ಅನ್ನುವುದು ನನ್ನ ಭಯ. ಯುರೋಪಿನಲ್ಲಿ 2019ರಲ್ಲಿ ಶುರುವಾದ ಮೊಬಿಲೈಸ್-ಡಿ ಯೋಜನೆಯಲ್ಲೂ ಹೀಗೇ ಸೊಂಟದ ಹಿಂದೆ ಸೆನ್ಸರ್ ಕಟ್ಟಿ, ಪಾರ್ಕಿನ್ಸನ್ ಇದ್ದವರ, ತೊಡೆಮೂಳೆ ಮುರಿದವರ ನಡಿಗೆ ಅಳೆದರು. ಅಲ್ಲೂ ಉದ್ದ ಸ್ಟ್ರೈಡಿನಲ್ಲಿ, ಎಣಿಕೆ ಸ್ಟೆಪ್ಪಿನಲ್ಲಿ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು.

‘ದಾಪುಗಾಲು’ ನೋಡಿದೆ. ಅದರಲ್ಲಿ ಬಿರುಸು ಇದೆ. ವಾಕರ್ ಹಿಡಿದವರಿಗೆ ಹೇಳುವ ಮಾತಲ್ಲ. ‘ಇಮ್ಮಡಿ ಹೆಜ್ಜೆ’ ಅಂದರೆ ಒಂದೇ ಹೆಜ್ಜೆ ಎರಡರಷ್ಟು ದೊಡ್ಡದಾದಂತೆ ಕೇಳಿಸುತ್ತದೆ. ಸದ್ಯಕ್ಕೆ ‘ಜೋಡಿಹೆಜ್ಜೆ’ ಅಂತ ಬರೆದಿದ್ದೇನೆ. ಆದರೆ ಜೋಡಿ ಅಂದರೆ ಎರಡೂ ಕಾಲು ಒಟ್ಟಿಗೆ ಇಡುವುದು ಅಂತ ಯಾರಾದರೂ ತಿಳಿದುಕೊಂಡಾರೇ?

ಯಕ್ಷಗಾನದ ಹೆಜ್ಜೆಗಾರಿಕೆ ಕಲಿತವರು, ಹೊಲ ಸೈಟುಗಳನ್ನು ಕಾಲಲ್ಲೇ ಅಳೆಯುವವರನ್ನು ಬಲ್ಲವರು ಇದ್ದರೆ ದಯವಿಟ್ಟು ಹೇಳಿ. ಅದೇ ಕಾಲು ಮತ್ತೆ ಊರುವವರೆಗಿನ ದೂರಕ್ಕೆ ನಿಮ್ಮ ಕಡೆ ಏನಾದರೂ ಹೆಸರಿದೆಯೇ?

ಇನ್ನೊಂದು ಸಣ್ಣ ಪ್ರಶ್ನೆ. ‘ಸೊಂಟ ಮುರಿದಿದೆ’ ಅನ್ನುತ್ತೇವಲ್ಲ, ಮುರಿದಿರುವುದು ತೊಡೆಮೂಳೆಯ ಮೇಲ್ತುದಿ. ಬೆಲ್ಟ್ ಕಟ್ಟುವುದು ಸೊಂಟಕ್ಕೆ. ಸುಮ್ನೆ ‘ಸೊಂಟ’ ಅಂತ ಬರೆದರೆ, ಮೂಳೆ ಕೂಡಿದೆಯೋ ಇಲ್ಲವೋ ಅಂತ ಸೆನ್ಸರ್ ನೋಡುತ್ತಿದೆ ಅಂದುಕೊಳ್ಳುತ್ತಾರೆ. ‘ತೊಡೆಯ ಬುಡದ ಮೂಳೆ’ ಅಂದರೆ ಎಲ್ಲರಿಗೂ ತಿಳಿದೀತೇ? ಹಾಳೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.