ಮೂರು ರೋಬೋಟ್, ಒಂದೇ ಸಂದಿ: ಯಾರು ಮೊದಲು ಹೋಗಬೇಕು?

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದಿಂದ)
ಮನೆಯ ಅಡಿಕೆ ಅಂಗಳದಲ್ಲಿ ಮೂರು ಪುಟ್ಟ ರೋಬೋಟ್ ಓಡಿಸುತ್ತಿದ್ದೇನೆ. ಅಂಗಳವನ್ನು ಚೌಕಗಳಾಗಿ ಮಾಡಿಕೊಂಡಿದ್ದೇನೆ, ದಾರಿ ಹುಡುಕೋದಕ್ಕೆ ಎ-ಸ್ಟಾರ್ ಅನ್ನೋ ಹತ್ತಿರದ ದಾರಿಯ ಲೆಕ್ಕಕ್ರಮ. ಒಂದೇ ಇದ್ದಾಗ ಚೆನ್ನಾಗಿ ಹೋಗುತ್ತದೆ. ಮೂರನ್ನೂ ಬಿಟ್ಟರೆ ಒಲೆಗೂ ಚಪ್ಪರದ ಕಂಬಕ್ಕೂ ನಡುವಿನ ಸಂದಿಯಲ್ಲಿ ಎರಡು ಎದುರುಬದುರಾಗಿ, ಒಟ್ಟಿಗೆ ಹಿಂದೆ ಸರಿದು, ಮತ್ತೆ ಒಟ್ಟಿಗೇ ಮುಂದೆ ಬರುತ್ತವೆ. ಅಜ್ಜಿಗೆ ನಗುವೋ ನಗು. ಎಲ್ಲಿ ತಪ್ಪಿದೆ?

ಸಾಗರದಿಂದ
ಎ-ಸ್ಟಾರ್ ತಪ್ಪಲ್ಲ ಮಾರಾಯ್ರೆ. 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಅನ್ನೋ ಸಂಶೋಧಕರು ಪ್ರಕಟಿಸಿದ್ದು, ಶೇಕಿ ಅನ್ನೋ ಒಂಟಿ ರೋಬೋಟಿನ ಕೆಲಸದಲ್ಲಿ ಹುಟ್ಟಿದ್ದು. ನಿಮ್ಮದು ಜಾಗ ನೋಡುತ್ತದೆ, ಹೊತ್ತು ನೋಡುವುದಿಲ್ಲ. ಕಾಲುಸಂಕದ ಮೇಲೆ ಸೊಪ್ಪಿನ ಹೊರೆ ಹೊತ್ತವರು ಬರುತ್ತಿದ್ದರೆ ಬರಿಗೈಯವರು ಈಚೆ ದಡದಲ್ಲೇ ನಿಲ್ಲುತ್ತಾರೆ ಅಲ್ವಾ, ಹಾಗೆ ಸರದಿ ಹಾಕಿ. ಮೊದಲನೆಯದು ಯಾವ ಸೆಕೆಂಡಿಗೆ ಯಾವ ಚೌಕದಲ್ಲಿರುತ್ತದೆ ಅಂತ ಬರೆದಿಡಿ, ಆ ಹೊತ್ತಿಗೆ ಆ ಚೌಕ ಉಳಿದವಕ್ಕೆ ಮುಚ್ಚಿದೆ ಅನ್ನಿ. ಸುಮ್ನೆ ನಿಲ್ಲೋದೂ ಒಂದು ಹೆಜ್ಜೆಯೇ. ಎರಡು ರೋಬೋಟ್ ಪರಸ್ಪರ ಚೌಕ ಬದಲಿಸಿಕೊಳ್ಳೋದನ್ನೂ ತಡೆಯಿರಿ, ನಾನು ಅದನ್ನು ಮರೆತು ಒಂದು ಚಕ್ರ ಮುರಿದುಕೊಂಡೆ.

ಶಿವಮೊಗ್ಗದಿಂದ
ಸರಿ, ಆದರೆ ಸರದಿ ಕೆಟ್ಟದಾಗಿದ್ದರೆ ದಾರಿ ಇದ್ದರೂ ಸಿಗುವುದಿಲ್ಲ. ಸಿಬಿಎಸ್ (ಕಾನ್‌ಫ್ಲಿಕ್ಟ್ ಬೇಸ್ಡ್ ಸರ್ಚ್, ಅಂದರೆ ಡಿಕ್ಕಿ ನೋಡಿಕೊಂಡು ದಾರಿ ಹುಡುಕೋ ಕ್ರಮ) ನೋಡಿ. ಮೊದಲು ಎಲ್ಲವೂ ತಮ್ಮಷ್ಟಕ್ಕೆ ದಾರಿ ಹುಡುಕುತ್ತವೆ, ಡಿಕ್ಕಿ ಕಂಡಲ್ಲಿ ಎರಡು ಕವಲು: ಇದು ಬಿಟ್ಟುಕೊಟ್ಟರೆ ಎಷ್ಟು ತಡ, ಅದು ಬಿಟ್ಟುಕೊಟ್ಟರೆ ಎಷ್ಟು? ಒಟ್ಟು ಖರ್ಚು ಕಡಿಮೆ ಇರೋದನ್ನು ಹಿಡಿಯುತ್ತದೆ. ಇಕ್ಕಟ್ಟಿನಲ್ಲಿ ರೋಬೋಟ್ ಜಾಸ್ತಿಯಾದರೆ ಕಂಪ್ಯೂಟರ್ ಸುಸ್ತು. ಮೂರಕ್ಕೆ ಏನೂ ಆಗಲ್ಲ.

ಕೇಳಿದವನು
ಸರದಿ ಹಾಕಿದೆ, ಸಂದಿ ದಾಟಿದವು! ಈಗ ಮೂರನೆಯದು ಒಲೆಯ ಪಕ್ಕದಲ್ಲೇ ಕಾಯುತ್ತಾ ನಿಲ್ಲುತ್ತದೆ, ಪ್ಲಾಸ್ಟಿಕ್ ಮೈ ಬೇರೆ. ಸಿಬಿಎಸ್ ಭಾನುವಾರಕ್ಕೆ.