ಸಹಾಯ ಬೇಕು: ರೇಷನ್ ಅಂಗಡಿಯಲ್ಲಿ ಅಜ್ಜಿಯ ಹೆಬ್ಬೆಟ್ಟು ತಗೊಳ್ತಿಲ್ಲ (ಶಿಡ್ಲಘಟ್ಟ)

ಎಲ್ರಿಗೂ ನಮಸ್ಕಾರ. ನಮ್ಮ ಬೀದಿ ಅಜ್ಜಿ ರೇಷ್ಮೆ ನೂಲು ಬಿಚ್ಚೋರು. ವರ್ಷಗಟ್ಟಲೆ ಬಿಸಿನೀರಲ್ಲಿ ಗೂಡು ಹಿಡಿದು ಬೆರಳಿನ ಗೆರೆಗಳೇ ಸವೆದಿವೆ. ಮೆಷಿನ್‌ನಲ್ಲಿ ಪ್ರತಿ ಸಲ ಎರರ್ 300, ಅಂದ್ರೆ ಬೆರಳು ಆಧಾರ್ ದಾಖಲೆಗೆ ತಾಳೆ ಆಗ್ತಿಲ್ಲ. 330 ಬಂದಿದ್ರೆ ಬಯೋಮೆಟ್ರಿಕ್ ಲಾಕ್ ಆಗಿದೆ ಅಂತ ಅನ್‌ಲಾಕ್ ಮಾಡಬಹುದಿತ್ತು, ಇದು ಅದಲ್ಲ.

ಕೈ ತೊಳೆದು ಒರೆಸಿ, ಸ್ಕ್ಯಾನರ್ ಗಾಜು ಒರೆಸಿ, ಹತ್ತೂ ಬೆರಳು ಇಟ್ಟು ನೋಡಾಯ್ತು. ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟೂ ಆಯ್ತು. ಅಲ್ಲಿ ಕಣ್ಣಿನ ಸ್ಕ್ಯಾನ್ ಚೆನ್ನಾಗೇ ಬಂತು, ಆದ್ರೆ ಅಂಗಡೀಲಿ ಆ ಸ್ಕ್ಯಾನರ್ ಇಲ್ಲ. ಮೊಬೈಲ್ ಜೋಡಣೆ ಇದೆ, ಓಟಿಪಿ ಕೊಡ್ತೀವಿ ಅಂದ್ರೂ ಒಪ್ತಿಲ್ಲ. ಕಾರ್ಡಲ್ಲಿ ಒಬ್ರೇ ಇರೋದು, ಬೆರಳಿಡೋಕೆ ಬೇರೆ ಯಾರೂ ಇಲ್ಲ. ಅಕ್ಕಿ ಇಲ್ಲದೆ ವಾಪಸ್ ಬರೋದು ನೋಡೋಕಾಗ್ತಿಲ್ಲ.

ಓಟಿಪಿ ಅಥವಾ ಬೆರಳಚ್ಚಿನ ವಿನಾಯಿತಿಗೆ ತಾಲ್ಲೂಕು ಕಚೇರಿ ಆಹಾರ ಶಾಖೇಲಿ ಯಾರಿಗೆ ಅರ್ಜಿ ಕೊಡಬೇಕು, ಜೊತೆಗೆ ಯಾವ ದಾಖಲೆ ಬೇಕು? ಚಿಕ್ಕಬಳ್ಳಾಪುರ ಜಿಲ್ಲೇಲಿ ಮಾಡಿಸಿದವರು ದಯವಿಟ್ಟು ತಿಳಿಸಿ.